ಘಟ್ಟ ಹತ್ತಿ ಬಂದವರ ಸಾಕ್ಷಿ

1955ರ ನವೆಂಬರ್ 25ರಂದು ಸಹ್ಯಾದ್ರಿಯ ಕಾಡಿನೊಳಗಿಂದ ಒಂದು ರೇಡಿಯೊ ಮಾತಾಡತೊಡಗಿತು. ಅದನ್ನು ನಡೆಸಿದವರಲ್ಲಿ ಮುಖ್ಯರು ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ. ಯಂತ್ರಗಳು ಪೋರ್ಚುಗೀಸರವೇ. ಹಿಂದಿನ ವರ್ಷ ದಾದ್ರಾ ಮತ್ತು ನಗರ ಹವೇಲಿ ಬಿಡುಗಡೆಯಾದಾಗ ಕೈಗೆ ಸಿಕ್ಕಿದ್ದ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡಿ ರೇಡಿಯೊ ಕೇಂದ್ರ ಕಟ್ಟಿದ್ದರು. ಮೊದಲು ಅಂಬೋಲಿ ಘಟ್ಟದಲ್ಲಿದ್ದ ಆ ಕೇಂದ್ರ ಆಮೇಲೆ ಬಂದು ನೆಲೆ ನಿಂತದ್ದು ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಲ್ಲಿ. ಮಳೆ, ಜಿಗಣೆ, ಕಾಡುಪ್ರಾಣಿಗಳ ನಡುವೆ ಅಡಗಿ ಕೂತು ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಅವರು ಘಟ್ಟದ ಕೆಳಗಿನ ಜನಕ್ಕೆ ನಿಜ ಸುದ್ದಿ ಮುಟ್ಟಿಸಿದರು. ಕೆಳಗೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯಲ್ಲಿ ಆಗ ಮದುವೆಯ ಆಮಂತ್ರಣ ಪತ್ರಿಕೆಯನ್ನು ಅಚ್ಚು ಹಾಕಿಸಬೇಕಾದರೂ ಸೆನ್ಸಾರ್ ಅಧಿಕಾರಿಯ ಒಪ್ಪಿಗೆ ಬೇಕಿತ್ತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಅವರಿಬ್ಬರೂ ವಿಮಾನದಲ್ಲಿ ಪಣಜಿಯ ಮೇಲೆ ಹಾರುತ್ತ ಧ್ವನಿವರ್ಧಕದಲ್ಲಿ ಆ ಸುದ್ದಿ ಸಾರಿದರು. ಲಿಬಿಯಾ ಅವರಿಗೆ ನೂರು ತುಂಬಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು.

ಪ್ರತಿ ವಾರಾಂತ್ಯ ದಾಂಡೇಲಿಗೆ ಕಾರು, ಬಸ್ಸುಗಳಲ್ಲಿ ಜನ ಬರುತ್ತಾರೆ. ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡುತ್ತಾರೆ, ಮಂಗಟ್ಟೆ ಹಕ್ಕಿಗಳ ಫೋಟೊ ತೆಗೆಯುತ್ತಾರೆ. ಕೆಲವರು ದೂಧ್‌ಸಾಗರ ನೋಡಲೆಂದು ಕ್ಯಾಸಲ್‌ರಾಕ್‌ವರೆಗೂ ಹೋಗುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಈ ರೇಡಿಯೊದ ಕತೆ ಗೊತ್ತು? ಅವರು ಹಾಗಿರಲಿ, ಜೋಯಿಡಾ, ಹಳಿಯಾಳದ ಹೈಸ್ಕೂಲಿನಲ್ಲಿ ಓದುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಹಿಟ್ಲರನ ಕಾಲದ ಕ್ರೌರ್ಯವನ್ನು ಪಠ್ಯಪುಸ್ತಕದ ಒಂದು ಪಾಠದಲ್ಲಿ ಓದಿಸಿ ಮುಗಿಸುತ್ತೇವೆ, ಅದು ಸಮುದ್ರದಾಚೆಯ ಯಾರದೋ ಸಂಗತಿ ಎಂಬಂತೆ. ಆದರೆ ಅದೇ ಕಾಲದ, ಅದೇ ಯುರೋಪಿನ ಒಂದು ಸರ್ವಾಧಿಕಾರ ನಮ್ಮ ಜೋಯಿಡಾ ತಾಲೂಕಿಗೆ ಗಡಿ ಹಚ್ಚಿಕೊಂಡು ಕೂತಿತ್ತು. ಪೋರ್ಚುಗಲ್ಲಿನಲ್ಲಿ ಸಾಲಾಜಾರ್ 1933ರಲ್ಲಿ ತನ್ನ 'ಹೊಸ ರಾಜ್ಯ'ವನ್ನು ಸ್ಥಾಪಿಸಿದ. 1936ರಲ್ಲಿ ಕೇಪ್ ವರ್ಡ್ ದ್ವೀಪದ ತರ‍್ರಾಫಾಲ್‌ನಲ್ಲಿ ರಾಜಕೀಯ ಕೈದಿಗಳ ಶಿಬಿರ ತೆರೆದ. ಅವನ ಗುಪ್ತ ಪೊಲೀಸರ ಕಣ್ಣು ಗೋವೆಯ ಮೇಲೂ ಇತ್ತು. ಹಿಟ್ಲರ್ 1945ರಲ್ಲಿ ಸತ್ತ. ಸಾಲಾಜಾರ್‌ನ ಆಳ್ವಿಕೆ ನಮ್ಮ ಘಟ್ಟದ ಕೆಳಗೆ ಇನ್ನೂ 16 ವರ್ಷ ನಡೆಯಿತು.

ಅಳತೆ ತಪ್ಪಿ ಮಾತಾಡಬಾರದು. ಸಾಲಾಜಾರ್ ಹಿಟ್ಲರ್ ಅಲ್ಲ, ಗೋವೆಯ ಆಗ್ವಾದ ಜೈಲು ನಾಜಿಗಳ ಆಶ್ವಿಟ್ಸ್ ಶಿಬಿರವಲ್ಲ. ಆಶ್ವಿಟ್ಸ್‌ನಲ್ಲಿ ಸತ್ತವರು ಸುಮಾರು 11 ಲಕ್ಷ. ಅದರ ಪಕ್ಕದಲ್ಲಿ ಇಡಬಹುದಾದ್ದು ಲೋಕದಲ್ಲಿ ಬಹಳ ಇಲ್ಲ, ಇಡಲು ಹೋಗುವುದೂ ಸಲ್ಲ. ನಾನು ಆಶ್ವಿಟ್ಸ್ ಹೆಸರು ಎತ್ತುತ್ತಿರುವುದು ಬೇರೆ ಕಾರಣಕ್ಕೆ. ಅಲ್ಲಿಂದ ಓಡುವ ಮುನ್ನ, 1945ರ ಜನವರಿಯಲ್ಲಿ, ನಾಜಿಗಳು ಅನಿಲಕೋಣೆಗಳನ್ನೂ ಹೆಣ ಸುಡುವ ಒಲೆಗಳನ್ನೂ ಸಿಡಿಮದ್ದಿಟ್ಟು ಉರುಳಿಸಿದರು. ಕೊಂದವರಿಗೆ ಕೊಂದದ್ದಷ್ಟೇ ಸಾಲದು, ಕೊಂದ ಗುರುತೂ ಉಳಿಯಬಾರದು. ಆ ಗುರುತನ್ನು ಉಳಿಸಿದವರು ಯಾರು? ಶಿಬಿರದಿಂದ ಬದುಕಿ ಬಂದ ಪೋಲೆಂಡಿನ ಕೈದಿಗಳೇ. ಯುದ್ಧ ಮುಗಿದು ಊರೂರು ಹಾಳುಬಿದ್ದಿದ್ದ ಕಾಲ ಅದು. ತಾವು ನರಕ ಕಂಡ ಬರಾಕುಗಳಿಗೆ ಅವರು ತಾವಾಗಿ ಮರಳಿ ಹೋಗಿ ಕಾವಲು ನಿಂತರು. 1947ರಲ್ಲಿ ಪೋಲೆಂಡಿನ ಸಂಸತ್ತು ಕಾಯ್ದೆ ಮಾಡಿ ಆ ಜಾಗವನ್ನು ಸ್ಮಾರಕವಾಗಿ ಉಳಿಸಿತು. ಉರುಳಿಸಿದ ಅನಿಲಕೋಣೆಗಳನ್ನು ಮತ್ತೆ ಎಬ್ಬಿಸಲಿಲ್ಲ. ಅವು ಬಿದ್ದ ಹಾಗೆಯೇ ಇವೆ. ಮುಚ್ಚಿಡಲು ನಡೆಸಿದ ಪ್ರಯತ್ನವೂ ಅಲ್ಲಿ ಸಾಕ್ಷಿಯೇ.

ಬರ್ಲಿನ್ನಿನ ಕತೆ ಇನ್ನೂ ಕಲಿಸುವಂಥದ್ದು. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಮುಖ್ಯ ಕಚೇರಿ ಇದ್ದ ಜಾಗವನ್ನು ಯುದ್ಧದ ನಂತರ ನೆಲಸಮ ಮಾಡಿದರು. ಅದರ ಮೇಲೆ ಕಟ್ಟಡದ ಅವಶೇಷ ಸುರಿಯುವ ದಂಧೆ ನಡೆಯಿತು, ಲೈಸೆನ್ಸ್ ಇಲ್ಲದವರು ಕಾರು ಓಡಿಸಲು ಕಲಿಯುವ ಮೈದಾನವೂ ಆಯಿತು. ಹತ್ತಾರು ವರ್ಷ ಯಾರೂ ಉಸಿರೆತ್ತಲಿಲ್ಲ. 1985ರ ಮೇ ತಿಂಗಳಲ್ಲಿ ಊರಿನ ನಾಗರಿಕರು ಸನಿಕೆ ಹಿಡಿದು ಹೋಗಿ ತಾವೇ ಅಗೆಯಲು ನಿಂತರು. ಬಂದವರು ಸರ್ಕಾರದವರಲ್ಲ, ಬರೀ ನಾಗರಿಕರು. ನೆಲಮಾಳಿಗೆಯ ಗೋಡೆಗಳು ಹೊರಬಿದ್ದವು. ಈಗ ಅಲ್ಲಿ ಲಕ್ಷಾಂತರ ಜನ ನೋಡುವ ದಾಖಲೆ ಕೇಂದ್ರ ಇದೆ. ಅಂದರೆ, ಜಾಗ ಅಳಿಸಿಹೋಯಿತು ಎಂದು ಕೈಚೆಲ್ಲಿ ಕೂಡಬೇಕಾಗಿಲ್ಲ.

ಈಗ ನಮ್ಮ ಘಟ್ಟಕ್ಕೆ ಬರೋಣ.

ಮುರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟದ ರೈಲುಮಾರ್ಗ ತೆರೆದದ್ದು 1888ರ ಸುಮಾರಿಗೆ. ಇತ್ತ ಬ್ರಿಟಿಷ್ ಹಿಂದೂಸ್ಥಾನ, ಅತ್ತ ಪೋರ್ಚುಗೀಸ್ ಗೋವೆ, ನಡುವೆ ಸುರಂಗಗಳು. ಗಡಿ ನಿಲ್ದಾಣವಾದ್ದರಿಂದ ಸುಂಕದ ಕಟ್ಟೆ ಇತ್ತು, ತಪಾಸಣೆ ಇತ್ತು. 1946ರ ಜೂನ್ 18ರಂದು ಮಡಗಾವಿನಲ್ಲಿ ಗೋವೆಯ ಬಿಡುಗಡೆಯ ಕಹಳೆ ಊದಿದ ರಾಮಮನೋಹರ ಲೋಹಿಯಾ ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಬಂದರು. ಅವರನ್ನು ಘಟ್ಟದ ಬುಡದ ಕುಳೆಂ ನಿಲ್ದಾಣದಲ್ಲೇ ಹಿಡಿದು ಆಗ್ವಾದ ಕೋಟೆಯಲ್ಲಿಟ್ಟರು. 1955ರಲ್ಲಿ ಸತ್ಯಾಗ್ರಹದ ತಂಡಗಳು ಒಂದರ ಹಿಂದೊಂದು ಗಡಿ ದಾಟಿದವು. ನರಗುಂದದ ಜಗನ್ನಾಥರಾವ್ ಜೋಶಿ ಗೋವೆಯ ಜೈಲು ಸೇರಿದ್ದು ಆ ವರ್ಷವೇ. ಮಧು ಲಿಮಯೆ ಪೊಲೀಸರ ಹೊಡೆತಕ್ಕೆ ಜರ್ಜರಿತರಾದದ್ದೂ ಆ ವರ್ಷವೇ. ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ಬೇರೆ ಬೇರೆ ಕಡೆಗಳಿಂದ ಬರಿಗೈಯಲ್ಲಿ ಒಳಗೆ ನಡೆದರು. ಕ್ಯಾಸಲ್‌ರಾಕ್‌ನಿಂದ ರೈಲುದಾರಿ ಹಿಡಿದು ಹೊರಟ ತಂಡವೂ ಅವುಗಳಲ್ಲೊಂದು. ಪೋರ್ಚುಗೀಸರು ಗುಂಡು ಹಾರಿಸಿದರು. ಗಡಿಯುದ್ದಕ್ಕೂ ಆ ಒಂದು ದಿನ 20ಕ್ಕೂ ಹೆಚ್ಚು ಜನ ಸತ್ತರು. ಕೈಯಲ್ಲಿ ಕೋಲೂ ಇಲ್ಲದವರು. ಸ್ವತಂತ್ರ ಭಾರತದ ಒಂಬತ್ತನೆಯ ಸ್ವಾತಂತ್ರ್ಯ ದಿನ ಅದು.

ಉತ್ತರದ ಗಡಿಯಲ್ಲಿ, ಪಂಜಾಬಿನಿಂದ ಬಂದ ಕರ್ನೈಲ್ ಸಿಂಗ್ ಬಿದ್ದ ಪತ್ರಾದೇವಿಯಲ್ಲಿ, ಗೋವೆಯವರು ಹುತಾತ್ಮರ ಸ್ಮಾರಕ ಕಟ್ಟಿ ಕೈಮುಗಿಯುತ್ತಾರೆ. ಆಗ್ವಾದ ಜೈಲನ್ನು 2021ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಪೋರ್ಚುಗಲ್ಲಿನ ಜನವೇ ಏನು ಮಾಡಿದರು, ಕೇಳಿ. ಪೆನೀಷ್ ಕೋಟೆ ಅಂತ ಒಂದಿದೆ. 1934ರಿಂದ 1974ರವರೆಗೆ ಸಾಲಾಜಾರ್ ಕಟ್ಟಿದ ಆಡಳಿತದ ರಾಜಕೀಯ ಸೆರೆಮನೆ. ಗೋವೆಯ ಹೋರಾಟಗಾರರಾದ ಟಿ. ಬಿ. ಕುನ್ಹಾ, ರಾಮ ಹೆಗ್ಡೆ, ಪುರುಷೋತ್ತಮ ಕಾಕೋಡ್ಕರ್ ಇವರನ್ನೆಲ್ಲ ಸಮುದ್ರ ದಾಟಿಸಿ ಕೂಡಿಹಾಕಿದ್ದು ಅಲ್ಲೇ. 2016ರಲ್ಲಿ ಅಲ್ಲಿನ ಸರ್ಕಾರ ಕೋಟೆಯನ್ನು ಹೋಟೆಲು ಮಾಡಲು ಖಾಸಗಿಯವರಿಗೆ ಕೊಡಲು ಹೊರಟಿತು. ಕಡಲಿನ ಅಂಚು, ಚಂದದ ನೋಟ, ಪ್ರವಾಸಿಗರ ದುಡ್ಡು. ಹಳೆಯ ಕೈದಿಗಳು ಎದ್ದು ನಿಂತರು. 'ನಮ್ಮ ಕೋಣೆಗಳಲ್ಲಿ ನೀವು ಹಾಸಿಗೆ ಹಾಕಿ ಬಾಡಿಗೆಗೆ ಕೊಡುತ್ತೀರಾ' ಎಂಬ ಪ್ರಶ್ನೆಗೆ ಯಾವ ಮಂತ್ರಿಯ ಬಳಿಯೂ ಉತ್ತರ ಇರಲಾರದು. ಯೋಜನೆ ಬಿದ್ದುಹೋಯಿತು. ಆ ಕೋಟೆ ಈಗ ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಹಿಂಸಿಸಿದ ದೇಶದ ಮಕ್ಕಳೇ ತಮ್ಮ ಅಪ್ಪಂದಿರ ಪಾಪದ ಜಾಗವನ್ನು ಕಾಯುತ್ತಿದ್ದಾರೆ. ಆ ಪಾಪದ ಎದುರು ಎದೆಯೊಡ್ಡಿದವರು ಹೊರಟ ದಾರಿ ನಮ್ಮ ತಾಲೂಕಿನದು. ನಾವು ಕಾಯುವುದು ಬೇಡವೇ?

ಕ್ಯಾಸಲ್‌ರಾಕ್–ಕುಳೆಂ ನಡುವೆ ಜೋಡಿ ಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಹುಲಿಯ ಪರ, ಕಾಡಿನ ಪರ ಜನ ದನಿ ಎತ್ತಿದರು, ಒಳ್ಳೆಯದೇ ಆಯಿತು. ಆದರೆ ಆ ಗದ್ದಲದಲ್ಲಿ ಈ ಹಳಿಯ ಮೇಲೆ ನಡೆದು ಹೋದವರ ಹೆಸರು ಅಷ್ಟಾಗಿ ಕಿವಿಗೆ ಬೀಳಲಿಲ್ಲ. ನಾಳೆ ಇನ್ನೊಂದು ಯೋಜನೆ ಬರುತ್ತದೆ, ಹಳೆಯ ಗೋಡೆಯೊಂದು ಅಡ್ಡ ಬರುತ್ತದೆ, ಜೆಸಿಬಿಗೆ ಇತಿಹಾಸ ಗೊತ್ತಿರುವುದಿಲ್ಲ. ಸೂಪಾ ಎಂಬ ಊರು ಅಣೆಕಟ್ಟಿನ ನೀರಿನಡಿ ಹೋದ ಮೇಲೆ ತಾಲೂಕಿನ ಹೆಸರೇ ಬದಲಾದದ್ದನ್ನು ಕಂಡ ಜನ ನಾವು. ಜಾಗ ಹೋದರೆ ನೆನಪು ಎಷ್ಟು ದಿನ ತಡೆಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು, ಇದಕ್ಕಿಂತ ಹಳೆಯ ಗಾಯವಿದೆ. ಅದರ ಬಗ್ಗೆ ಮಾತಾಡಲು ನಮಗೆ ಇನ್ನೂ ಸಂಕೋಚ.

ಡಚ್ ಪ್ರವಾಸಿ ಲಿನ್ಸ್‌ಹೋಟೆನ್ 1583ರಿಂದ ಐದು ವರ್ಷ ಗೋವೆಯಲ್ಲಿದ್ದ. ಊರಿನ ನೇರ ಬೀದಿಯಲ್ಲಿ ಬೆಳಬೆಳಗ್ಗೆ ನಡೆಯುತ್ತಿದ್ದ ಹರಾಜಿನ ಬಗ್ಗೆ ಅವನು ಬರೆದಿದ್ದಾನೆ. ಕುದುರೆ, ಬಟ್ಟೆ, ಪಾತ್ರೆಗಳ ಜತೆಗೆ ಮನುಷ್ಯರನ್ನೂ ಅಲ್ಲಿ ದನಗಳಂತೆ ಮಾರುತ್ತಿದ್ದರು. ಅವರಲ್ಲಿ ಬಹಳಷ್ಟು ಮಂದಿಯನ್ನು ಮೊಜಾಂಬಿಕ್‌ನಿಂದ ಹಡಗುಗಳಲ್ಲಿ ತುಂಬಿಕೊಂಡು ತಂದಿದ್ದರು. ಪೋರ್ಚುಗಲ್ ಗುಲಾಮರ ವ್ಯಾಪಾರ ನಿಷೇಧಿಸಿದ್ದು 1836ರಲ್ಲಿ. ಅದಕ್ಕೆ ಮುಂಚಿನ ಮುನ್ನೂರು ವರ್ಷಗಳಲ್ಲಿ ಒಡೆಯನ ಮನೆಯಿಂದ ತಪ್ಪಿಸಿಕೊಂಡವರು ಎತ್ತ ಓಡಿದರು? ಘಟ್ಟ ಹತ್ತಿದರು. ಪೋರ್ಚುಗೀಸರ ಕೈ ಮುಟ್ಟದ ದಟ್ಟ ಕಾಡಿಗೆ, ಇಂದಿನ ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡದ ಕಾಡಿಗೆ. ಆ ಕಾಡುಗಳಲ್ಲಿ ಇಂದು ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿಗಳೆಲ್ಲರ ಪೂರ್ವಜರೂ ಗೋವೆಯಿಂದಲೇ ಬಂದವರಲ್ಲ. ಸುಲ್ತಾನರ ಸೈನ್ಯದ ಜತೆ ಬಂದವರೂ ಇದ್ದಾರು. ಆದರೆ ಓಡಿ ಬಂದವರ ಈ ದಾರಿ ಕಟ್ಟುಕತೆಯಲ್ಲ. ಸಿದ್ದಿಗಳ ಬೇರು ಪೂರ್ವ ಆಫ್ರಿಕಾದ ಬಾಂಟು ಜನರಲ್ಲಿದೆ ಎಂಬುದನ್ನು ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ ನಡೆಸಿದ ಅಧ್ಯಯನ 2011ರಲ್ಲಿ ತೋರಿಸಿತು.

ಹಳಿಯಾಳ ತಾಲೂಕಿನ ಗರಡೊಳ್ಳಿಗೋ ಮುಂಡಗೋಡದ ಮೈನಳ್ಳಿಗೋ ಹೋಗಿ ಒಬ್ಬ ಸಿದ್ದಿ ಅಜ್ಜಿ ಕವಂದಿ, ಅಂದರೆ ಕೌದಿ, ಹೊಲಿಯುವುದನ್ನು ನೋಡಿ. ಹಳೆಯ ಸೀರೆಯ, ಮಕ್ಕಳ ಅಂಗಿಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಒಳಗೊಳಗೆ ಸುತ್ತುತ್ತ ಹೊಲಿಯುತ್ತಾಳೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ 'ಫುಲಾ' ಇಡುತ್ತಾಳೆ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಎನ್ನುತ್ತಾರೆ ಅವರು. ಡಮಾಮ್ ಬಡಿಯುವ ಕೈಗಳನ್ನು ನೋಡಿ. ಮನೆಯ ಮೂಲೆಯಲ್ಲಿ ತೆಂಗಿನಕಾಯಿ ಇಟ್ಟು 'ಹಿರಿಯರು' ಎಂದು ಪೂಜಿಸುವ ಮನೆಗಳನ್ನು ನೋಡಿ. ಹಡಗಿನಲ್ಲಿ ಕೈಕಾಲು ಕಟ್ಟಿಸಿಕೊಂಡು ಬಂದವರಿಗೆ ಊರಿನ ಹೆಸರು, ಕುಲದ ಹೆಸರು ಯಾವುದೂ ಉಳಿಯಲಿಲ್ಲ. ಹಿರಿಯರು ಎಂಬ ನೆನಪನ್ನು ಮಾತ್ರ ಅವರು ಬಿಡಲಿಲ್ಲ.

ಇಲ್ಲಿ ಪೋರ್ಚುಗೀಸರನ್ನಷ್ಟೇ ಬೈದು ಮುಗಿಸಿದರೆ ನಮ್ಮ ಕರೆ ಸುಳ್ಳಾಗುತ್ತದೆ. ಘಟ್ಟ ಹತ್ತಿ ಬಂದವರಿಗೆ ಕಾಡು ಆಸರೆ ಕೊಟ್ಟಿತು. ಊರು ಕೊಟ್ಟದ್ದು ಜೀತವನ್ನು. ತಲೆತಲಾಂತರ ಅವರು ಒಡೆಯರ ಗದ್ದೆ, ತೋಟಗಳಲ್ಲಿ ಸಾಲದ ಕೂಲಿಗೆ ದುಡಿದರು. ಕೂದಲು ಕಂಡು ನಕ್ಕವರು ನಾವು, ಬಣ್ಣ ಕಂಡು ಬೇರೆ ಲೋಟ ಇಟ್ಟವರು ನಾವು. ಹಳೆ ಗೋವೆಯಲ್ಲಿ ಗುಲಾಮರನ್ನೂ ಅಪರಾಧಿಗಳನ್ನೂ ಕಟ್ಟಿ ಹೊಡೆಯುತ್ತಿದ್ದ ಕಲ್ಲಿನ ಕಂಬ ಇಂದಿಗೂ ರಸ್ತೆಯ ಪಕ್ಕ ನಿಂತಿದೆ. ಘಟ್ಟದ ಮೇಲಿನ ಜೀತಕ್ಕೆ ಅಂಥ ಕಂಬವೂ ಇಲ್ಲ. ಯಾರ ಮನೆಯ ಅಂಗಳದಲ್ಲಿ ಯಾರು ಎಷ್ಟು ತಲೆಮಾರು ದುಡಿದರು ಎಂಬುದು ಅವರ ನಾಲಿಗೆಯ ಮೇಲೆ ಮಾತ್ರ ಇದೆ. ಆ ನಾಲಿಗೆಗಳಿಗೆ ವಯಸ್ಸಾಗಿದೆ.

ಇದು ಬರೀ ಭಾವನೆಯ ಮಾತಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಅದೇ ಹೊತ್ತಿಗೆ ಗೋವೆಯ ಕುಣಬಿಗಳೂ ಪಟ್ಟಿಗೆ ಸೇರಿದರು. ಆದರೆ ಗೋವೆಯ ದಬ್ಬಾಳಿಕೆಗೆ ಹೆದರಿ ಬಂದವರೆಂದು ಹೇಳಿಕೊಳ್ಳುವ ಜೋಯಿಡಾದ ಕುಣಬಿಗಳು ಇನ್ನೂ ಅರ್ಜಿ ಹಿಡಿದು ಅಲೆಯುತ್ತಲೇ ಇದ್ದಾರೆ. ಬಂದ ದಾರಿಗೆ ದಾಖಲೆ ಇಲ್ಲದವರಿಗೆ ಹಕ್ಕು ಕೇಳುವುದೂ ಕಷ್ಟ. ಗೋವೆಯ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ 1560ರಿಂದ 1812ರವರೆಗೆ ನಡೆಯಿತು. ಅದನ್ನು ಮುಚ್ಚಿದ ಮೇಲೆ ಅದರ ಕಾಗದಪತ್ರಗಳಲ್ಲಿ ಹೆಚ್ಚಿನವನ್ನು ನಾಶ ಮಾಡಿದರು, ವಿಚಾರಣೆಯ ಆ ದೊಡ್ಡ ಮನೆಯನ್ನೂ ಕೆಡವಿದರು. ಯಾರು ಏಕೆ ಓಡಿದರು ಎಂಬುದರ ಅರ್ಧ ಲೆಕ್ಕ ಅಲ್ಲೇ ಬೂದಿಯಾಯಿತು. ಉಳಿದರ್ಧ ಓಡಿ ಬಂದವರ ಬಳಿ, ಅಂದರೆ ನಮ್ಮ ತಾಲೂಕುಗಳ ಹಟ್ಟಿಗಳಲ್ಲಿ ಇದೆ.

'ಹಳೆಯ ಗಾಯ ಏಕೆ ಕೆದಕುತ್ತೀರಿ, ಜಾತಿ ಧರ್ಮದ ಜಗಳ ಎಬ್ಬಿಸುತ್ತೀರಾ' ಎಂದು ಕೇಳುವವರಿದ್ದಾರೆ. ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸತ್ತವರ ಹೆಸರು ಹೇಳಿ ಬದುಕಿದ್ದವರ ಮೇಲೆ ಕಲ್ಲು ಹೊಡೆಸುವ ರಾಜಕೀಯ ನಮ್ಮ ಜಿಲ್ಲೆಗೂ ಹೊಸದಲ್ಲ. ಅದಕ್ಕೆ ಉತ್ತರ ಸಿದ್ದಿಗಳ ಹಟ್ಟಿಯಲ್ಲೇ ಇದೆ. ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರೈಸ್ತ ಸಿದ್ದಿ ಮೂವರೂ ಒಂದೇ ಬಳಗದವರು, ಒಂದೇ ಡಮಾಮಿಗೆ ಕುಣಿಯುವವರು. ಗುಲಾಮರನ್ನು ಮಾರಿದ್ದು ಒಂದು ಆಡಳಿತ, ಒಂದು ವ್ಯಾಪಾರ. ಇಂದು ಹಳಿಯಾಳದ ಇಗರ್ಜಿಯಲ್ಲಿ ಮೊಣಕಾಲೂರುವ ಸಿದ್ದಿ ಹೆಂಗಸಿನ ನಂಬಿಕೆ ಅದಕ್ಕೆ ಹೊಣೆಯಲ್ಲ. ಜಾಗವನ್ನು ಕಾದರೆ, ದಾಖಲೆ ಸರಿಯಾಗಿ ಇಟ್ಟರೆ, ಸುಳ್ಳು ಹೇಳುವವರ ಬಾಯಿ ಕಟ್ಟುತ್ತದೆ. ಬಾಯಿಂದ ಬಾಯಿಗೆ ಬಿಟ್ಟ ನೆನಪನ್ನೇ ದ್ವೇಷದವರು ಬೇಕಾದಂತೆ ತಿರುಚುವುದು.

ಈ ಕೆಲಸ ಹೇಗೆ ಮಾಡಬೇಕೆಂದು ತಿಳಿಯಲು ನಾವು ಪೋಲೆಂಡಿಗೂ ಹೋಗಬೇಕಾಗಿಲ್ಲ, ಮುಂಡಗೋಡಕ್ಕೆ ಹೋದರೆ ಸಾಕು. 1959ರಲ್ಲಿ ಟಿಬೆಟ್ ಬಿಟ್ಟು ಓಡಿ ಬಂದ ಭಿಕ್ಷುಗಳನ್ನು ಮೊದಲು ಇಟ್ಟದ್ದು ಬಂಗಾಳದ ಬಕ್ಸಾ ಕೋಟೆಯಲ್ಲಿ. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಶಿಬಿರ ಅದು. ಅಲ್ಲಿ ಕ್ಷಯಕ್ಕೆ ಅನೇಕರು ಸತ್ತರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮೈಸೂರು ಸರ್ಕಾರ ಮುಂಡಗೋಡದಲ್ಲಿ ನೆಲ ಕೊಟ್ಟಿತು. ಮುಂದೆ ಬಕ್ಸಾದಲ್ಲಿ ಉಳಿದ ಭಿಕ್ಷುಗಳು ಬಂದು ಕಾಡು ಕಡಿದು, ಮೆಕ್ಕೆಜೋಳ ಬಿತ್ತಿ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳನ್ನು ಕಟ್ಟಿದರು. ಅವು ಹೊಸ ಹೆಸರುಗಳಲ್ಲ. ಲ್ಹಾಸಾದ ಬಳಿ ಇದ್ದ ವಿಹಾರಗಳ ಹೆಸರುಗಳೇ ಅವು. ಅಲ್ಲಿನ ಗಾಂದೆನ್ ಅನ್ನು ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕೆಡವಿದರು, ಮೋಟು ಗೋಡೆಗಳಷ್ಟೇ ಉಳಿದವು. ಕೆಡವಿದವರು ಯಾವ ಹೆಸರನ್ನು ಅಳಿಸಲು ಹೋದರೋ ಅದೇ ಹೆಸರನ್ನು ಇವರು ನಮ್ಮ ಕೆಂಪು ಮಣ್ಣಿನಲ್ಲಿ ನಿಲ್ಲಿಸಿದರು. ಪ್ರತಿ ವರ್ಷ ಮಾರ್ಚ್ 10ರಂದು ಅವರು ಲ್ಹಾಸಾದ ದಂಗೆಯನ್ನು ನೆನೆಯುತ್ತಾರೆ. ಪರದೇಶದಲ್ಲಿ ಹುಟ್ಟಿದ ಮಗುವಿಗೂ ಆ ತಾರೀಕು ಗೊತ್ತು. ಪಕ್ಕದ ಹಳ್ಳಿಯ ನಮ್ಮ ಮಗುವಿಗೆ 1955ರ ಆಗಸ್ಟ್ 15 ಗೊತ್ತಿಲ್ಲ. ಮುಂಡಗೋಡದ ಕ್ಯಾಂಪುಗಳಲ್ಲೂ ಹಿಮ ದಾಟಿ ನಡೆದು ಬಂದ ತಲೆಮಾರು ಮುಗಿಯುತ್ತ ಬಂದಿದೆ. ಅವರ ಮಾತೂ ಈ ನೆಲದ ದಾಖಲೆಯೇ. ಕನ್ನಡದಲ್ಲಿ ಅದನ್ನು ಕೇಳಿ ಬರೆದಿಡುವುದು ನಮ್ಮ ಹೊಣೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಹಕ್ಕಿನಿಂದಲೂ ಕೇಳುತ್ತೇನೆ. ರೈಲ್ವೆ ಇಲಾಖೆಯವರೇ, ಕ್ಯಾಸಲ್‌ರಾಕ್ ನಿಲ್ದಾಣದ ಸುತ್ತ ಗಡಿಯ ಕಾಲದ ಒಂದು ಗೋಡೆ ಉಳಿದಿದ್ದರೂ ಅದಕ್ಕೆ ಕೈ ಹಚ್ಚುವ ಮುನ್ನ ಊರವರನ್ನೂ ಇತಿಹಾಸ ಬಲ್ಲವರನ್ನೂ ಕರೆದು ಕೂಡಿಸಿ. ಪ್ಲಾಟ್‌ಫಾರ್ಮಿನ ಮೇಲೆ ಕನ್ನಡ, ಕೊಂಕಣಿಯಲ್ಲಿ ಒಂದು ಫಲಕ ಹಾಕಿ, ಆಗಸ್ಟ್ 15ರಂದು ಇಲ್ಲಿಂದ ಹೊರಟವರ ಕತೆ ಬರೆಯಿರಿ. ಅರಣ್ಯ ಇಲಾಖೆಯವರೇ, ಆ ರೇಡಿಯೊ ಯಾವ ದಿಬ್ಬದ ಮೇಲಿತ್ತು ಎಂದು ಹಳೆಯ ಜನರನ್ನು ಕೇಳಿ ಗುರುತಿಸಿ. ಅದಕ್ಕೆ ಸಿಮೆಂಟಿನ ಮಂಟಪ ಬೇಡ, ಕಾಡು ಕಡಿಯುವುದೂ ಬೇಡ, ಒಂದು ಕಲ್ಲು ಸಾಕು. ರಿಸಾರ್ಟು ನಡೆಸುವವರೇ, ಸಂಜೆ ಬೆಂಕಿಯ ಸುತ್ತ ಕೂಡಿಸಿ ಸಿದ್ದಿ ಹುಡುಗರಿಂದ ಕುಣಿಸುತ್ತೀರಿ. ಆ ಕುಣಿತ ಎಲ್ಲಿಂದ ಬಂತು ಎಂದು ಅವರ ಬಾಯಿಂದಲೇ ಹೇಳಿಸಿ, ಹೇಳಿದ್ದಕ್ಕೆ ತಕ್ಕ ಸಂಭಾವನೆ ಕೊಡಿ. ಹೇಳಲು ಅವರಿಗೆ ಇಷ್ಟವಿಲ್ಲದಿದ್ದರೆ ಸುಮ್ಮನಿರಿ, ನಿಮ್ಮ ಗೈಡಿನಿಂದ ಹೇಳಿಸಬೇಡಿ. ಜಿಲ್ಲಾಡಳಿತವೇ, ಹಳಿಯಾಳದಲ್ಲಿ ಸಿದ್ದಿಗಳ ಇತಿಹಾಸಕ್ಕೆ ಒಂದು ಮನೆ ಆಗಲಿ. ಆ ಮನೆಯಲ್ಲಿ ಏನಿರಬೇಕು, ಏನಿರಬಾರದು ಎಂದು ಸಿದ್ದಿಗಳೇ ತೀರ್ಮಾನಿಸಲಿ. ಜೀತದ ಕತೆಯನ್ನು ಬಿಟ್ಟು ಬರೀ ಕುಣಿತದ ಫೋಟೊ ತೂಗುಹಾಕುವುದಾದರೆ ಆ ಮನೆ ಕಟ್ಟುವುದೇ ಬೇಡ.

ಜೀತಕ್ಕೆ ದುಡಿಸಿಕೊಂಡ ಒಡೆಯರ ಮನೆತನದವರಲ್ಲೂ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ, ಯಾರಿಗೆ ಎಷ್ಟು ಸಾಲ, ಯಾವ ಆಳು ಎಷ್ಟು ವರ್ಷ ಎಂದು ಬರೆದ ಪುಟಗಳಿದ್ದರೆ, ಅವನ್ನು ಸುಡಬೇಡಿ. ನಾಚಿಕೆ ಆಗುತ್ತದೆ, ನಿಜ. ಪೆನೀಷ್‌ನ ಜನಕ್ಕೂ ಆಗಿತ್ತು. ಅವನ್ನು ಧಾರವಾಡದ ವಿಶ್ವವಿದ್ಯಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಒಪ್ಪಿಸಿ.

ಮೇಷ್ಟ್ರೇ, ಅಕ್ಕೋರೇ, ನೀವು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಬರುವ ಆಗಸ್ಟ್ 15ರಂದು ಧ್ವಜ ಏರಿಸಿ ಸಿಹಿ ಹಂಚುವ ಮುನ್ನ ಕ್ಯಾಸಲ್‌ರಾಕ್‌ನಿಂದ ನಡೆದು ಹೋದವರ ವಿಷಯ ಐದು ನಿಮಿಷ ಹೇಳಿ. ಗ್ರಾಮಸಭೆ ಕೂಡಿದಾಗ ಸ್ಮಾರಕದ ಜಾಗ ಗುರುತಿಸಬೇಕೆಂದು ಠರಾವು ಮಾಡಿಸಿ. ದೊಡ್ಡ ಮಕ್ಕಳ ಕೈಯಲ್ಲಿ ಈಗ ಫೋನಿದೆ. ಮನೆಯ ಅಜ್ಜ, ಅಜ್ಜಿಯ ಎದುರು ಕೂತು, ನಮ್ಮವರು ಎಲ್ಲಿಂದ ಬಂದರು, ಯಾವ ದಾರಿ ಹತ್ತಿ ಬಂದರು, ಬಂದ ಮೇಲೆ ಯಾರ ಮನೆಯಲ್ಲಿ ದುಡಿದರು ಎಂದು ಕೇಳಿ ರೆಕಾರ್ಡ್ ಮಾಡಲು ಹೇಳಿ. ಊರಿನ ಹೆಸರು, ತಾರೀಕು, ಹೇಳಿದವರ ಒಪ್ಪಿಗೆ, ಈ ಮೂರನ್ನೂ ಮೊದಲೇ ಹೇಳಿಸಲಿ. ಮಳೆಗಾಲದ ರಜೆಯಲ್ಲೇ ಶುರು ಮಾಡಿಸಿ.